ಪಿತೃಸ್ಮರಣೆಯೂ ಸತ್ಯವೂ

ಗತಿಸಿದ ತಂದೆಯನ್ನು ನೆನೆಯುವುದು ಮಕ್ಕಳ ಧರ್ಮವೆಂಬ ವಿಷಯದಲ್ಲಿ ಯಾವ ದೇಶದವರಿಗೂ ಯಾವ ಮತದವರಿಗೂ ಭಿನ್ನಾಭಿಪ್ರಾಯವಿರುವಂತೆ ಕಾಣದು. ನಮ್ಮ ಹಿರಿಯರು ಅದನ್ನು ಧರ್ಮವೆಂದಷ್ಟೇ ಹೇಳಿ ಸುಮ್ಮನಾಗಲಿಲ್ಲ, ಋಣವೆಂದು ಕರೆದರು. ದೇವಋಣ, ಋಷಿಋಣಗಳ ಜೊತೆಯಲ್ಲಿಯೇ ಪಿತೃಋಣವನ್ನೂ ಎಣಿಸಿದರು. ಆದರೆ ಋಣವೆಂದ ಮೇಲೆ ಅದನ್ನು ಯಾವ ನಾಣ್ಯದಲ್ಲಿ ಸಲ್ಲಿಸಬೇಕೆಂಬ ಪ್ರಶ್ನೆ ಏಳುತ್ತದೆ. ಹೊಗಳಿಕೆಯಿಂದಲೆ? ಮೌನದಿಂದಲೆ? ಇದ್ದುದನ್ನು ಇದ್ದಂತೆ ಹೇಳುವುದರಿಂದಲೆ? ಈ ಮೂರರೊಳಗೆ ವಿರೋಧ ಬಂದಾಗ ಮಗನಾದವನು ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು? ಇದು ಪಂಡಿತರ ವಾದಕ್ಕೆ ಮಾತ್ರ ಬೇಕಾದ ಪ್ರಶ್ನೆಯಲ್ಲ. ತಂದೆಯ ಭಾವಚಿತ್ರವನ್ನು ಗೋಡೆಗೆ ತೂಗುಹಾಕಿರುವ ಪ್ರತಿಯೊಂದು ಮನೆಯ ಪ್ರಶ್ನೆ.

ಸಾಮಾನ್ಯವಾಗಿ ಆಗುವುದೇನೆಂಬುದನ್ನು ನೋಡೋಣ. ತಂದೆ ತೀರಿಕೊಂಡ ಕೆಲವು ವರ್ಷಗಳಲ್ಲಿ ಮನೆಯವರ ಮಾತಿನಲ್ಲಿ ಆತನಿಗೆ ಎರಡನೆಯ ಜನ್ಮವೊಂದು ಆರಂಭವಾಗುತ್ತದೆ. ಆತನ ಸಿಡುಕು ಮರೆತುಹೋಗುತ್ತದೆ. ಒಮ್ಮೆ ಮಾಡಿದ ಉಪಕಾರ ಅನೇಕ ಸಲ ಮಾಡಿದ್ದಾಗುತ್ತದೆ. ಊರ ಕೆರೆಯ ಏರಿಯನ್ನು ಸರಿಪಡಿಸುವಾಗ ಹತ್ತು ಮಂದಿಯೊಡನೆ ನಿಂತಿದ್ದವನು ಮೊಮ್ಮಕ್ಕಳ ಕಾಲಕ್ಕೆ ತಾನೊಬ್ಬನೇ ನಿಂತು ಏರಿಯನ್ನು ಉಳಿಸಿದವನಾಗುತ್ತಾನೆ. ಹೀಗೆ ಹೇಳುವವರಲ್ಲಿ ಕಪಟವೇನೂ ಇಲ್ಲ; ಇರುವುದು ಪ್ರೀತಿ ಮಾತ್ರ. ಮಡಿದವರ ಗುಣವನ್ನು ನಾಲ್ಕು ಬೆರಳು ಎತ್ತರಿಸಿ ಹೇಳಿದರೆ ಯಾರ ಗಂಟು ಹೋಯಿತು ಎಂದು ಕೇಳುವವರೂ ಉಂಟು. ಯಾರ ಗಂಟೂ ಹೋಗುವುದಿಲ್ಲವೆ? ಆ ಉಳಿದ ಒಂಬತ್ತು ಮಂದಿಗೂ ಮಕ್ಕಳಿದ್ದರಷ್ಟೆ?

ಈ ಪ್ರಶ್ನೆಯನ್ನು ಬರಿಯ ತರ್ಕದಿಂದ ಬಿಡಿಸಹೊರಟರೆ ಮಾತು ಬೆಳೆದೀತೇ ಹೊರತು ಬೆಳಕು ಹೆಚ್ಚಲಾರದು. ನಡೆದ ಸಂಗತಿಯೊಂದನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಲೇಸು. ಅಂಥದೊಂದು ಸಂಗತಿ ಅಮೆರಿಕಾ ದೇಶದಲ್ಲಿ ನಡೆದಿದೆ. ಅದರ ನಾಯಕ ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯ ಶುಶ್ರೂಷಕನಾಗಿದ್ದು, ಅನಂತರ ಎಂಟು ಮಕ್ಕಳ ತಂದೆಯಾಗಿ ಒಂದು ಸಣ್ಣ ಊರಿನಲ್ಲಿ ಬಾಳಿದ ಜಾನ್ ಬ್ರ್ಯಾಡ್ಲಿ ಎಂಬಾತ. ಆತನ ಸ್ಮೃತಿಯನ್ನು ಲೋಕದ ಮುಂದಿಟ್ಟವನು ಆತನ ಮಗ ಜೇಮ್ಸ್.

ಬ್ರ್ಯಾಡ್ಲಿ ೧೯೨೩ರಲ್ಲಿ ವಿಸ್ಕಾನ್ಸಿನ್ ಸೀಮೆಯ ಆಂಟಿಗೊ ಎಂಬ ಊರಿನಲ್ಲಿ ಹುಟ್ಟಿದನು. ಯುದ್ಧ ಬಂದಾಗ ಆತನ ತಂದೆ, ನೆಲದ ಮೇಲಿನ ಕಾಳಗದಿಂದ ಮಗ ದೂರವಿರಲೆಂದು, ನೌಕಾಪಡೆಯನ್ನು ಸೇರುವಂತೆ ಸಲಹೆ ಕೊಟ್ಟನಂತೆ. ತಂದೆಯ ಪ್ರೀತಿ ಲೆಕ್ಕಹಾಕಿದ್ದು ಒಂದು. ವಿಧಿ ಮಾಡಿದ್ದು ಮತ್ತೊಂದು. ಅಮೆರಿಕದ ಮರೀನ್ ದಳಕ್ಕೆ ತನ್ನವೇ ಆದ ವೈದ್ಯಶುಶ್ರೂಷಕರಿಲ್ಲ. ಅವರನ್ನು ಒದಗಿಸುವುದು ನೌಕಾಪಡೆ. ಹೀಗಾಗಿ ಹಡಗಿನಲ್ಲಿರಬೇಕಾಗಿದ್ದ ತರುಣನು ಆ ಯುದ್ಧದ ಅತಿ ಘೋರವಾದ ನೆಲಗಾಳಗಗಳಲ್ಲೊಂದರ ನಡುವೆ ಇಳಿಯಬೇಕಾಯಿತು.

ಆ ಸ್ಥಳ ಇವೋ ಜಿಮಾ. ಜಪಾನಿಗೆ ಸೇರಿದ, ಸುಮಾರು ೮ ಚದರ ಮೈಲಿಯ, ಗಂಧಕದ ವಾಸನೆಯ ಕಪ್ಪು ಮರಳಿನ ದ್ವೀಪ. ೧೯೪೫ನೆಯ ಫೆಬ್ರವರಿ ೧೯ರಂದು ಅಮೆರಿಕದವರು ಅಲ್ಲಿ ಇಳಿದರು. ಮಾರ್ಚಿ ೨೬ರವರೆಗೆ ಕಾದಾಡಿದರು. ಅವರಲ್ಲಿ ಸುಮಾರು ೬,೮೦೦ ಮಂದಿ ಸತ್ತರು. ದ್ವೀಪವನ್ನು ಕಾಯುತ್ತಿದ್ದ ಸುಮಾರು ೨೧,೦೦೦ ಜಪಾನೀಯರಲ್ಲಿ ಜೀವದಿಂದುಳಿದವರು ಅತ್ಯಲ್ಪ.

ಇಳಿದ ಮೂರನೆಯ ದಿನ, ಎಂದರೆ ಫೆಬ್ರವರಿ ೨೧ರಂದು, ಬ್ರ್ಯಾಡ್ಲಿ ಮಾಡಿದ ಕೆಲಸವೊಂದು ದಾಖಲೆಯಲ್ಲಿದೆ. ಗುಂಡಿನ ಮಳೆಯ ನಡುವೆ ಬಯಲಿನಲ್ಲಿ ಒಬ್ಬ ಸೈನಿಕನು ಗಾಯಗೊಂಡು ಬಿದ್ದಿದ್ದನು. ಬ್ರ್ಯಾಡ್ಲಿ ಅವನ ಬಳಿಗೆ ಓಡಿದನು. ಬಂದೂಕೊಂದನ್ನು ಮರಳಿನಲ್ಲಿ ನೆಟ್ಟು, ಪ್ಲಾಸ್ಮಾ ಎಂಬ ರಕ್ತರಸದ ಸೀಸೆಯನ್ನು ಅದಕ್ಕೆ ಕಟ್ಟಿ, ಗಾಯಾಳುವಿಗೆ ತನ್ನ ಮೈಯನ್ನೇ ಮರೆಮಾಡಿ ಚಿಕಿತ್ಸೆ ಮಾಡಿದನು. ನೆರವಿಗೆಂದು ಮುಂದೆ ಬರುತ್ತಿದ್ದ ಜೊತೆಗಾರರನ್ನು, ಅವರಿಗೆ ಅಪಾಯವಾದೀತೆಂದು, ಕೈಬೀಸಿ ತಡೆದನು. ಆಮೇಲೆ ಆ ಮನುಷ್ಯನನ್ನು ಮೂವತ್ತು ಗಜ ದೂರ ತಾನೇ ಎಳೆದು ತಂದನು. ಈ ಕೆಲಸಕ್ಕಾಗಿ ಆತನಿಗೆ ನೌಕಾಪಡೆಯ ಎರಡನೆಯ ಅತ್ಯುನ್ನತ ಪದಕವಾದ ನೇವಿ ಕ್ರಾಸ್ ದೊರೆಯಿತು. ಆಗ ಅಲ್ಲಿ ಯಾವ ಛಾಯಾಗ್ರಾಹಕನೂ ಇರಲಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು.

ಎರಡು ದಿನ ಕಳೆದು, ಫೆಬ್ರವರಿ ೨೩ರಂದು, ಅಮೆರಿಕದವರು ಸುಮಾರು ೫೫೦ ಅಡಿ ಎತ್ತರದ ಸೂರಿಬಾಚಿ ಬೆಟ್ಟವನ್ನು ಹತ್ತಿ ಬಾವುಟವನ್ನೇರಿಸಿದರು. ಅಂದು ಏರಿದುದು ಒಂದು ಬಾವುಟವಲ್ಲ, ಎರಡು. ಬೆಳಗ್ಗೆ ಏರಿಸಿದ ಬಾವುಟ ಚಿಕ್ಕದಾಯಿತೆಂದು, ಕೆಲವು ಗಂಟೆಗಳ ಮೇಲೆ ಅದನ್ನಿಳಿಸಿ ದೊಡ್ಡದೊಂದನ್ನು ಏರಿಸಿದರು. ಜೋ ರೋಸೆಂತಾಲ್ ಎಂಬ ವೃತ್ತಪತ್ರಿಕೆಯ ಛಾಯಾಗ್ರಾಹಕನು ಆ ಎರಡನೆಯ ಸಲದ ಚಿತ್ರವನ್ನು ಒಂದು ಸೆಕೆಂಡಿನ ೪೦೦ನೆಯ ಒಂದು ಪಾಲಿನಲ್ಲಿ ತೆಗೆದನು. ಆರು ಮಂದಿ ಕೊಳಾಯಿಯ ಕಂಬವೊಂದನ್ನು ಎತ್ತಿ ನಿಲ್ಲಿಸುತ್ತಿದ್ದಾರೆ; ಒಬ್ಬನ ಮುಖವೂ ಸರಿಯಾಗಿ ಕಾಣುವುದಿಲ್ಲ. ಆ ಚಿತ್ರ ಕೆಲವು ದಿನಗಳಲ್ಲಿ ಲೋಕಪ್ರಸಿದ್ಧವಾಯಿತು. ಆ ಆರು ಮಂದಿ ಯಾರೆಂದು ಸರ್ಕಾರ ಕೇಳಿತು. ಅಷ್ಟರಲ್ಲಿ ಮೂವರು ಮಡಿದಿದ್ದರು. ಉಳಿದ ಮೂವರು ಐರಾ ಹೇಸ್, ರೆನೆ ಗ್ಯಾನ್ಯನ್, ಜಾನ್ ಬ್ರ್ಯಾಡ್ಲಿ ಎಂದು ತೀರ್ಮಾನವಾಯಿತು. ಮಾರ್ಚಿ ತಿಂಗಳಲ್ಲಿ ಫಿರಂಗಿಯ ಗುಂಡಿನ ಚೂರುಗಳಿಂದ ಕಾಲಿಗೆ ಗಾಯವಾಗಿ ಬ್ರ್ಯಾಡ್ಲಿ ಆಸ್ಪತ್ರೆಯಲ್ಲಿದ್ದನು. ಅಲ್ಲಿಂದ ಆತನನ್ನು ಕರೆತಂದು, ಇನ್ನಿಬ್ಬರೊಡನೆ ಊರೂರಿಗೆ ಕರೆದೊಯ್ದು, ಯುದ್ಧಸಾಲದ ಪತ್ರಗಳನ್ನು ಕೊಳ್ಳಿರೆಂದು ಜನರಿಗೆ ಹೇಳಿಸಿದರು. ಆ ಬಾರಿ ೨,೬೦೦ ಕೋಟಿ ಡಾಲರಿಗೂ ಮೀರಿ ಸಾಲದ ಹಣ ಕೂಡಿತು. ೧೯೫೪ರಲ್ಲಿ ವಾಷಿಂಗ್ಟನ್ನಿನ ಹತ್ತಿರ ಆರ್ಲಿಂಗ್ಟನ್ನಿನಲ್ಲಿ ಆ ಚಿತ್ರವನ್ನನುಸರಿಸಿ ಕಂಚಿನ ಮಹಾಪ್ರತಿಮೆಯೊಂದನ್ನು ನಿಲ್ಲಿಸಿದಾಗ ಆ ಮೂವರೂ ಅಲ್ಲಿದ್ದರು.

ಯುದ್ಧ ಮುಗಿದ ಮೇಲೆ ಬ್ರ್ಯಾಡ್ಲಿ ತನ್ನ ಹುಟ್ಟೂರಿಗೆ ಹಿಂದಿರುಗಿದನು. ೧೯೪೬ರಲ್ಲಿ ಮದುವೆಯಾದನು. ಶವಸಂಸ್ಕಾರದ ಏರ್ಪಾಡುಗಳನ್ನು ನಡೆಸಿಕೊಡುವ ವೃತ್ತಿಯನ್ನು ಕೈಗೊಂಡನು. ಅದು ಯುದ್ಧಕ್ಕೆ ಮೊದಲೇ ಆತನು ಬಯಸಿದ್ದ ವೃತ್ತಿ. ರಣರಂಗದಲ್ಲಿ ಸಾಯುವವರ ಬಳಿ ಕುಳಿತಿದ್ದವನು ಊರಿಗೆ ಬಂದು, ಸತ್ತವರ ಮನೆಯವರ ಬಳಿ ಕುಳಿತುಕೊಳ್ಳುವ ಕೆಲಸವನ್ನು ಹಿಡಿದನು. ಎಂಟು ಮಕ್ಕಳಾದರು. ಮನೆಯಲ್ಲಿ ಯುದ್ಧದ ಮಾತೇ ಇಲ್ಲ. ವೃತ್ತಪತ್ರಿಕೆಯವರು ದೂರವಾಣಿಯಲ್ಲಿ ಕರೆದರೆ, ತಂದೆ ಮೀನು ಹಿಡಿಯುವುದಕ್ಕೆ ಕೆನಡಾ ದೇಶಕ್ಕೆ ಹೋಗಿದ್ದಾನೆಂದು ಹೇಳುವಂತೆ ಮಕ್ಕಳಿಗೆ ಕಲಿಸಿದ್ದನು. ಮಗನು ಚಿಕ್ಕಂದಿನಲ್ಲಿ, ನೀನು ವೀರನೆಂದು ಶಾಲೆಯಲ್ಲಿ ಹೇಳಿದರು ಎಂದಾಗ, ಇವೋ ಜಿಮಾದ ವೀರರೆಂದರೆ ಹಿಂದಿರುಗಿ ಬಾರದವರು ಎಂಬ ಅರ್ಥದ ಮಾತೊಂದನ್ನು ಹೇಳಿ ಸುಮ್ಮನಾದನಂತೆ. ಮದುವೆಯಾದ ಮೊದಲ ನಾಲ್ಕು ವರ್ಷ ಆತನು ನಿದ್ದೆಯಲ್ಲಿ ಅಳುತ್ತಿದ್ದನೆಂದು ಹೆಂಡತಿ ಎಷ್ಟೋ ಕಾಲದ ಮೇಲೆ ತಿಳಿಸಿದಳು. ೧೯೯೪ರ ಜನವರಿಯಲ್ಲಿ ಆತನು ತೀರಿಕೊಂಡನು.

ಆಮೇಲೆ ಮನೆಯವರಿಗೆ ಆತನ ಕಾಗದಪತ್ರಗಳ ಪೆಟ್ಟಿಗೆಗಳು ಸಿಕ್ಕಿದುವು. ಆತನಿಗೆ ನೇವಿ ಕ್ರಾಸ್ ಬಂದಿತ್ತೆಂಬುದು ಮಕ್ಕಳಿಗೆ ತಿಳಿದುದು ಆತನ ಮರಣಾನಂತರ. ಬಾವುಟವೇರಿದ ಮೂರು ದಿನಗಳ ಮೇಲೆ ತಂದೆತಾಯಿಗಳಿಗೆ ಆತನು ಬರೆದಿದ್ದ ಕಾಗದವೂ ಸಿಕ್ಕಿತು. ಬಾವುಟವನ್ನೇರಿಸುವುದರಲ್ಲಿ ನನ್ನದೂ ಸ್ವಲ್ಪ ಕೈಯಿತ್ತು, ಅಷ್ಟು ಸಂತೋಷ ನನಗೆಂದೂ ಆಗಿರಲಿಲ್ಲ ಎಂಬುದು ಅದರ ಸಾರ. ಬಾಯಿಬಿಡದ ತಂದೆಯನ್ನು ತಿಳಿಯಬೇಕೆಂದು ಜೇಮ್ಸ್ ವರ್ಷಗಟ್ಟಲೆ ಅಲೆದು, ಚಿತ್ರದ ಆರು ಮಂದಿಯ ಬಂಧುಬಳಗವನ್ನು ವಿಚಾರಿಸಿ, ರಾನ್ ಪವರ್ಸ್ ಎಂಬ ಲೇಖಕನೊಡನೆ ಒಂದು ಪುಸ್ತಕವನ್ನು ಬರೆದನು. ‘ಫ್ಲಾಗ್ಸ್ ಆಫ್ ಅವರ್ ಫಾದರ್ಸ್’ ಎಂಬ ಆ ಪುಸ್ತಕ ೨೦೦೦ದಲ್ಲಿ ಪ್ರಕಟವಾಗಿ ಬಹು ಜನಪ್ರಿಯವಾಯಿತು. ೨೦೦೬ರಲ್ಲಿ ಚಲಚ್ಚಿತ್ರವೂ ಆಯಿತು.

ಇಲ್ಲಿ ಮೊದಲನೆಯ ಪ್ರಶ್ನೆ. ಜೀವವಿರುವವರೆಗೂ ತಂದೆ ಮುಚ್ಚಿಟ್ಟಿದ್ದುದನ್ನು ಮಗನು ತೆರೆಯಬಹುದೆ? ತಂದೆಯ ಮೌನವೂ ಒಂದು ಆಜ್ಞೆಯಲ್ಲವೆ? ಪಿತೃವಾಕ್ಯಪರಿಪಾಲನೆಯನ್ನು ಪರಮಧರ್ಮವೆಂದು ಬಗೆದ ನಮಗೆ ಈ ಸಂಶಯ ಸಹಜವಾದುದು. ಆದರೆ ಮೌನದಲ್ಲಿ ಭೇದಗಳುಂಟು. ಕೆಡುಕನ್ನು ಮುಚ್ಚಿಕೊಳ್ಳುವ ಮೌನ ಒಂದು. ನೋವನ್ನು ಮುಟ್ಟಲಾರದ ಮೌನ ಒಂದು. ತನ್ನ ಹೊಗಳಿಕೆಯನ್ನು ತಾನು ಕೇಳಲಾರದ ವಿನಯದ ಮೌನ ಮತ್ತೊಂದು. ನೋವಿನ ಮೌನವೂ ವಿನಯದ ಮೌನವೂ ಆ ಮನುಷ್ಯನ ಜೀವಕ್ಕೆ ಅಂಟಿದುವು. ಜೀವ ಹೋದ ಮೇಲೆ ನೋಯುವವನಾರು, ನಾಚುವವನಾರು? ತನ್ನನ್ನು ಹೆತ್ತವನಾರೆಂದು ತಿಳಿದುಕೊಳ್ಳುವ ಹಕ್ಕು ಮಕ್ಕಳಿಗಿದೆ. ತಿಳಿದುದು ಪರರ ಮಾನಕ್ಕೆ ಕುಂದು ತಾರದಿದ್ದರೆ ಲೋಕಕ್ಕೆ ಹೇಳುವ ಹಕ್ಕೂ ಇದೆಯೆಂದು ಒಪ್ಪಬಹುದು. ಮಗನು ಪುಸ್ತಕ ಬರೆದುದರಲ್ಲಿ ಅಧರ್ಮವೇನೂ ಕಾಣುವುದಿಲ್ಲ.

ಅಪಾಯವಿರುವುದು ಬೇರೆ ಕಡೆ. ಹೊರಗಿನಿಂದ ನೋಡುವವನಿಗೆ ಈ ಮೂರು ಬಗೆಯ ಮೌನಗಳೂ ಒಂದೇ ರೂಪ. ತಂದೆಯ ಮಾತಿಗೆ ಅರ್ಥ ಹೇಳುವವನನ್ನು ಮಾತೇ ಹಿಡಿದು ನಿಲ್ಲಿಸೀತು. ತಂದೆಯ ಮೌನಕ್ಕೆ ಭಾಷ್ಯ ಬರೆಯುವವನನ್ನು ಹಿಡಿದು ನಿಲ್ಲಿಸುವುದು ಯಾವುದೂ ಇಲ್ಲ. ಪ್ರೀತಿಯೇ ಅಲ್ಲಿ ಭಾಷ್ಯಕಾರ. ಪ್ರೀತಿ ತನಗೆ ಒಪ್ಪುವ ಅರ್ಥವನ್ನೇ ಹೇಳುತ್ತದೆ.

ಪುಸ್ತಕ ಬಂದ ಹದಿನಾಲ್ಕು ವರ್ಷಗಳ ಮೇಲೆ, ೨೦೧೪ರಲ್ಲಿ, ಇತಿಹಾಸದಲ್ಲಿ ಆಸಕ್ತರಾದ ಇಬ್ಬರು ಹವ್ಯಾಸಿಗಳು, ಒಬ್ಬನು ಅಮೆರಿಕದವನು, ಇನ್ನೊಬ್ಬನು ಐರ್ಲೆಂಡಿನವನು, ಆ ದಿನದ ಇತರ ಚಿತ್ರಗಳನ್ನೂ ಚಲಚ್ಚಿತ್ರದ ತುಣುಕನ್ನೂ ಹೋಲಿಸಿ ನೋಡಿ ಒಂದು ಸಂಶಯವನ್ನು ಮುಂದಿಟ್ಟರು. ಅಂದಿನ ಬೇರೆ ಚಿತ್ರಗಳಲ್ಲಿ ಬ್ರ್ಯಾಡ್ಲಿಯ ಷರಾಯಿಯ ಅಂಚು ಮಡಿಸಿದೆ. ಪ್ರಸಿದ್ಧ ಚಿತ್ರದಲ್ಲಿ ಬ್ರ್ಯಾಡ್ಲಿಯೆಂದು ಎಣಿಸಿದವನ ಷರಾಯಿ ಮಡಿಸಿಲ್ಲ. ಅವನ ನಡುವಿನಲ್ಲಿರುವುದು ಬಂದೂಕಿನ ತೋಟಾಗಳ ಪಟ್ಟಿ. ಶುಶ್ರೂಷಕನ ಔಷಧಗಳ ಚೀಲವಲ್ಲ. ಮರೀನ್ ದಳದವರು ವಿಚಾರಣೆ ನಡೆಸಿದರು. ೨೦೧೬ನೆಯ ಜೂನ್ ೨೩ರಂದು ತೀರ್ಪು ಹೊರಬಿತ್ತು: ಆ ಚಿತ್ರದಲ್ಲಿರುವವನು ಬ್ರ್ಯಾಡ್ಲಿಯಲ್ಲ. ಬೆಳಗ್ಗೆ ಏರಿದ ಮೊದಲನೆಯ ಬಾವುಟಕ್ಕೆ ಆತನು ಕೈಕೊಟ್ಟಿದ್ದನು, ಎರಡನೆಯದಕ್ಕಲ್ಲ. ಆರು ಮಂದಿಯಲ್ಲಿ ಅದುವರೆಗೂ ಎಣಿಕೆಗೇ ಬಾರದಿದ್ದವನು ಹೆರಾಲ್ಡ್ ಷುಲ್ಟ್ಸ್ ಎಂಬಾತ. ೨೦೧೯ರಲ್ಲಿ ಗ್ಯಾನ್ಯನ್ನನ ವಿಷಯದಲ್ಲಿಯೂ ತಪ್ಪಾಗಿತ್ತೆಂದು ತಿಳಿದು, ಆ ಸ್ಥಾನಕ್ಕೆ ಹೆರಾಲ್ಡ್ ಕೆಲ್ಲರ್ ಎಂಬಾತನ ಹೆಸರು ಬಂತು.

ತಂದೆಯ ಹೆಸರಿನ ಮೇಲೆ ಪುಸ್ತಕ ಬರೆದು ಲೋಕಕ್ಕೆಲ್ಲ ಹಂಚಿದ ಮಗನ ಸ್ಥಿತಿಯನ್ನು ವಾಚಕರೇ ಊಹಿಸಿಕೊಳ್ಳಬಹುದು. ಮೊದಲು ಆತನಿಗೆ ನಂಬಲಾಗಲಿಲ್ಲ. ಆದರೆ ಪುರಾವೆಗಳನ್ನು ತಾನೇ ಪರಿಶೀಲಿಸಿ ನೋಡಿ, ದಳದ ತೀರ್ಪು ಹೊರಬೀಳುವುದಕ್ಕೆ ಮೊದಲೇ, ಆ ಚಿತ್ರದಲ್ಲಿರುವವನು ತನ್ನ ತಂದೆಯಲ್ಲವೆಂದು ಬಹಿರಂಗವಾಗಿ ಒಪ್ಪಿಕೊಂಡನು. ಬಾವುಟವೊಂದನ್ನು ಏರಿಸಿದ ನೆನಪು ತಂದೆಗೆ ಇತ್ತು, ಚಿತ್ರದಲ್ಲಿರುವವನು ನೀನೇ ಎಂದು ಮೇಲಿನವರು ಆಮೇಲೆ ಹೇಳಿದರು, ಎರಡೂ ಒಂದಾಗಿಹೋದುವು ಎಂಬುದು ಆತನ ಅಭಿಪ್ರಾಯ. ಬೇರೆ ಬಗೆಯಾಗಿ ಊಹಿಸಿದವರೂ ಇದ್ದಾರೆ: ತಂದೆಗೆ ನಿಜ ತಿಳಿದಿತ್ತು, ಆ ಮೌನದ ಕಾರಣ ಅದೇ ಎಂದು. ಈ ಎರಡರಲ್ಲಿ ಯಾವುದು ಸರಿಯೆಂದು ತೀರ್ಮಾನಿಸುವ ಸಾಕ್ಷಿ ಆತನೊಡನೆಯೇ ಮಣ್ಣಾಗಿದೆ. ಸಾಕ್ಷಿಯಿಲ್ಲದ ಕಡೆ ಕೆಡುಕನ್ನು ಆರೋಪಿಸದಿರುವುದು ನ್ಯಾಯ. ಒಳ್ಳೆಯದನ್ನು ಖಂಡಿತವೆಂದು ಸಾರದಿರುವುದೂ ನ್ಯಾಯ. ಇಷ್ಟು ಮಾತ್ರ ನಿಜ: ಕೀರ್ತಿ ಬರುವುದಕ್ಕೆ ಮೊದಲು, ತಂದೆತಾಯಿಗಳಿಗೆ ಮಾತ್ರವೆಂದು ಬರೆದ ಆ ಕಾಗದದಲ್ಲಿ, ಸ್ವಲ್ಪ ಕೈಯಿತ್ತೆಂದು ಹೇಳಿದ ಮಾತು ಅಕ್ಷರಶಃ ಸತ್ಯವಾಗಿತ್ತು.

ಈಗ ಎರಡನೆಯ ಪ್ರಶ್ನೆ, ಮುಖ್ಯವಾದ ಪ್ರಶ್ನೆ. ತಂದೆಯೂ ಹೋದನು, ಕಾಲವೂ ಹೋಯಿತು. ಎಪ್ಪತ್ತು ವರ್ಷಗಳಿಂದ ನಿಂತಿದ್ದ ಕಥೆಯನ್ನು ಹಾಗೆಯೇ ಬಿಟ್ಟಿದ್ದರೆ ಏನು ಹಾನಿ? ಮಗನು ಪಟ್ಟುಹಿಡಿದು ತಂದೆಯ ಪರವಾಗಿ ವಾದಿಸಿದ್ದರೆ ಅದೇ ಪಿತೃಭಕ್ತಿಯೆಂದು ಅನೇಕರು ಮೆಚ್ಚುತ್ತಿರಲಿಲ್ಲವೆ?

ಮೆಚ್ಚುತ್ತಿದ್ದರು. ಆದರೆ ಆ ಚಿತ್ರದಲ್ಲಿ ಆರೇ ಜನಕ್ಕೆ ಸ್ಥಳವುಂಟು. ಸಲ್ಲದವನೊಬ್ಬನು ಅಲ್ಲಿ ನಿಂತಿದ್ದರೆ ಸಲ್ಲುವವನೊಬ್ಬನು ಹೊರಗೆ ನಿಂತಿರಬೇಕು. ಇದು ಹಿಂದೆಯೇ ಒಮ್ಮೆ ನಡೆದಿತ್ತು. ೧೯೪೫ರಲ್ಲಿ ಗೊತ್ತುಮಾಡಿದ ಹೆಸರುಗಳಲ್ಲಿ ಹ್ಯಾಂಕ್ ಹ್ಯಾನ್ಸನ್ ಎಂಬ ಮೃತ ಸೈನಿಕನದೊಂದು. ಟೆಕ್ಸಸಿನ ಹಾರ್ಲನ್ ಬ್ಲಾಕ್ ಎಂಬ ಮತ್ತೊಬ್ಬ ಮೃತ ಸೈನಿಕನ ತಾಯಿ ಪತ್ರಿಕೆಯಲ್ಲಿ ಚಿತ್ರವನ್ನು ನೋಡಿ, ಬೆನ್ನಿನ ಗುರುತಿನಿಂದಲೇ ಅದು ತನ್ನ ಮಗನೆಂದಳು. ಯಾರೂ ನಂಬಲಿಲ್ಲ. ನಿಜವನ್ನು ಬಲ್ಲವನು ಐರಾ ಹೇಸ್. ಅರಿಜೋನದ ಪೀಮಾ ಎಂಬ ಮೂಲನಿವಾಸಿಗಳ ಕುಲದವನು. ತಪ್ಪನ್ನು ತಿದ್ದಬೇಕೆಂದು ಮೊದಲೇ ಹೇಳಿದ್ದ ಆತನ ಬಾಯಿಯನ್ನು ಮೇಲಿನವರು ಮುಚ್ಚಿಸಿದ್ದರು. ೧೯೪೬ರಲ್ಲಿ ಆತನು ದಾರಿಯಲ್ಲಿ ಸಿಕ್ಕಸಿಕ್ಕ ವಾಹನಗಳನ್ನು ಬೇಡಿ ಹತ್ತಿ, ನೂರಾರು ಮೈಲಿ ದೂರದ ಟೆಕ್ಸಸಿಗೆ ಹೋಗಿ, ಹೊಲದಲ್ಲಿದ್ದ ಬ್ಲಾಕನ ತಂದೆಯನ್ನು ಕಂಡು ನಿಜವನ್ನು ತಿಳಿಸಿ ಹಿಂದಿರುಗಿದನು. ೧೯೪೭ರಲ್ಲಿ ಹೆಸರು ತಿದ್ದುಪಾಟಾಯಿತು.

ಮಗನು ಎಲ್ಲಿದ್ದನೆಂಬುದನ್ನು ಹೆತ್ತವರಿಗೆ ತಿಳಿಸುವುದಕ್ಕಾಗಿ ಒಬ್ಬನು ಅಷ್ಟು ದೂರ ಹೋದನು. ಸ್ಮರಣೆಯೆಂಬುದು ಒಂದು ಮನೆಯ ಸ್ವಂತ ಸೊತ್ತಲ್ಲವೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನ ಬೇಕೆ? ನಮ್ಮ ತಂದೆಗೆ ಸಲ್ಲದ ಕೀರ್ತಿಯನ್ನು ನಾವು ಹಿಡಿದಿಟ್ಟುಕೊಂಡರೆ ಅದು ಮತ್ತಾರದೋ ತಂದೆಯಿಂದ, ಮತ್ತಾರದೋ ಮಗನಿಂದ ತೆಗೆದುಕೊಂಡದ್ದು. ಅರಿಯದೆ ಹಿಡಿದಿಟ್ಟುಕೊಂಡುದು ತಪ್ಪಲ್ಲ. ಅರಿತ ಮೇಲೆಯೂ ಬಿಡದಿದ್ದರೆ ಅದು ಪಿತೃಭಕ್ತಿಯ ಉಡುಪು ತೊಟ್ಟ ಕಳವು. ಷುಲ್ಟ್ಸ್ ಲಾಸ್ ಏಂಜಲೀಸಿನಲ್ಲಿ ಅಂಚೆಯ ಇಲಾಖೆಯ ನೌಕರನಾಗಿ ಬದುಕಿ, ೧೯೯೫ರಲ್ಲಿ ತೀರಿಕೊಂಡನು. ಮುಪ್ಪಿನಲ್ಲಿ ಒಂದು ದಿನ ಊಟದ ಹೊತ್ತಿನಲ್ಲಿ, ಬಾವುಟವನ್ನೇರಿಸಿದವರಲ್ಲಿ ತಾನೂ ಒಬ್ಬನೆಂದು ಹೆಂಡತಿಯ ಮಗಳಿಗೆ ಹೇಳಿದನಂತೆ. ನೀವು ವೀರರೆಂದು ಅವಳು ಬೆರಗಾದಾಗ, ಅಲ್ಲ, ನಾನೊಬ್ಬ ಮರೀನ್ ಸೈನಿಕನಷ್ಟೆ ಎಂದು ಮಾತು ಮುಗಿಸಿದನಂತೆ. ಆ ಮಗಳು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು ಸತ್ಯವನ್ನು ಲೋಕದ ಬೆಂಬಲವಿಲ್ಲದೆ ಕಾಪಾಡಿಕೊಂಡಿದ್ದಳು. ಅವಳ ಪಾಲನ್ನು ಅವಳಿಗೆ ಒಪ್ಪಿಸುವುದು ಜಾನ್ ಬ್ರ್ಯಾಡ್ಲಿಯ ಮಗನ ಧರ್ಮವೂ ಆಗಿತ್ತು.

ಹಾಗಾದರೆ ಈ ಸತ್ಯದಿಂದ ಬ್ರ್ಯಾಡ್ಲಿಗೆ ನಷ್ಟವಾದುದೇನು? ಲೆಕ್ಕಹಾಕಿ ನೋಡೋಣ. ಸೆಕೆಂಡಿನ ನಾನೂರನೆಯ ಒಂದು ಪಾಲಿನಲ್ಲಿ ಸಿಕ್ಕಿದ ಒಂದು ಭಂಗಿ ಹೋಯಿತು. ಫೆಬ್ರವರಿ ೨೧ರ ಬಯಲು ಹೋಗಲಿಲ್ಲ. ಬಂದೂಕಿಗೆ ಕಟ್ಟಿದ ಸೀಸೆ ಹೋಗಲಿಲ್ಲ. ಮೂವತ್ತು ಗಜ ಎಳೆದು ತಂದ ಆ ಗಾಯಾಳುವಿನ ಭಾರ ಹೋಗಲಿಲ್ಲ. ಅದನ್ನು ಯಾರೂ ಚಿತ್ರ ತೆಗೆಯಲಿಲ್ಲ. ಆದುದರಿಂದಲೇ ಅದರಲ್ಲಿ ಮುಖ ತಪ್ಪಾಗುವ ಭಯವೂ ಇಲ್ಲ. ಆತನು ಏನನ್ನು ಮಾಡಿದ್ದನೋ ಅದೆಲ್ಲವೂ ಆತನಲ್ಲಿಯೇ ಉಳಿಯಿತು. ಲೋಕ ಏನನ್ನು ಹೊರಿಸಿತ್ತೋ ಅದು ಮಾತ್ರ ಇಳಿಯಿತು. ಸತ್ಯವು ಮನುಷ್ಯನಿಂದ ಆತನದಲ್ಲದ್ದನ್ನು ಮಾತ್ರ ಕಳೆಯಬಲ್ಲುದು. ಅಷ್ಟನ್ನು ಕಳೆದ ಮೇಲೆ ತಂದೆ ಚಿಕ್ಕವನಾಗಿ ಕಂಡರೆ, ನಾವು ಪ್ರೀತಿಸುತ್ತಿದ್ದುದು ತಂದೆಯನ್ನಲ್ಲ, ಆತನ ಪ್ರಸಿದ್ಧಿಯನ್ನು ಎಂದಾಯಿತು.

ನಮ್ಮ ನಾಡಿನ ಊರುಗಳಲ್ಲಿ ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಒಯ್ಯುವ ಅಪ್ಸರೆಯರು, ಮೇಲಿನದರಲ್ಲಿ ದೇವಸನ್ನಿಧಿ. ಮಡಿದವನಿಗೆ ಕಲ್ಲು ನಿಲ್ಲಿಸಿದರು, ಅದು ಯೋಗ್ಯವೇ. ಆದರೆ ಕಾಳಗದಿಂದ ಹಿಂದಿರುಗಿ, ಕಂಡುದನ್ನು ಎದೆಯಲ್ಲಿಟ್ಟುಕೊಂಡು, ದಶಕಗಳ ಕಾಲ ಮನೆವಾರ್ತೆ ನಡೆಸಿದವನಿಗೆ ಯಾವ ಕಲ್ಲಿದೆ? ಎಂಟು ಮಕ್ಕಳ ಊಟ, ಬಟ್ಟೆ, ಜ್ವರ, ವಿದ್ಯಾಭ್ಯಾಸ; ರಾತ್ರಿ ತಾನು ಅತ್ತರೂ ಹಗಲು ಅದನ್ನು ಮಕ್ಕಳ ಮೇಲೆ ಸುರಿಯದ ಸಂಯಮ; ಯಾರ ಮನೆಯಲ್ಲಿ ಸಾವಾದರೂ ಹೋಗಿ ನಿಲ್ಲುವ ವೃತ್ತಿ. ಇದನ್ನು ಕೆತ್ತುವುದಕ್ಕೆ ಪಟ್ಟಿಕೆ ಸಾಲದು. ಮಕ್ಕಳ ನಡತೆಯೇ ಇದರ ಶಿಲೆ. ಬ್ರ್ಯಾಡ್ಲಿಯನ್ನು ನೆನೆಯುವುದಕ್ಕೆ ಬೆಟ್ಟದ ತುದಿ ಬೇಕಾಗಿಯೇ ಇರಲಿಲ್ಲ.

ಅದೇ ಬೆಟ್ಟದ ಇನ್ನೊಂದು ಮಗ್ಗುಲನ್ನೂ ಇಲ್ಲಿ ನೆನೆಯಬೇಕು. ದ್ವೀಪವನ್ನು ಕಾಯುತ್ತಿದ್ದ ಜಪಾನೀ ಸೇನಾಪತಿ ಕುರಿಬಯಾಷಿ ಕೂಡ ಒಬ್ಬ ತಂದೆ. ಹಿಂದೆ ಅಮೆರಿಕದಲ್ಲಿ ವ್ಯಾಸಂಗಕ್ಕಿದ್ದಾಗ ಆತನು ಚಿಕ್ಕ ಮಗನಿಗೆ ಚಿತ್ರಗಳನ್ನು ಬರೆದು ಕಾಗದ ಕಳುಹಿಸುತ್ತಿದ್ದನು. ತಾನು ಹಿಂದಿರುಗುವುದಿಲ್ಲವೆಂದು ಬಲ್ಲ ಆ ದ್ವೀಪದಿಂದ ಹೆಂಡತಿಗೆ ಬರೆದ ಕಾಗದದಲ್ಲಿ, ಅಡಿಗೆಮನೆಯ ನೆಲದ ಸಂದಿನಿಂದ ಬರುವ ಚಳಿಗಾಳಿಯನ್ನು ತಡೆಯುವ ಏರ್ಪಾಡು ಮಾಡದೆ ಬಂದೆನಲ್ಲಾ ಎಂದು ಕೊರಗಿದ್ದಾನೆ. ಆತನ ದೇಹ ಇದೇ ಎಂದು ಗುರುತಿಸಲಾಗಲೇ ಇಲ್ಲ. ಬಾವುಟವನ್ನೇರಿಸಿದವರ ಪಟ್ಟಿಯಲ್ಲಿ ಹೆಸರಿಗಾಗಿ ಹೋರಾಡುವವನ ಕಣ್ಣಿಗೆ ಈ ಅಡಿಗೆಮನೆ ಕಾಣಿಸುವುದಿಲ್ಲ. ತಂದೆಯನ್ನು ತಂದೆಯೆಂದೇ ನೆನೆಯುವವನಿಗೆ ಕಾಣಿಸುತ್ತದೆ. ತನ್ನ ತಂದೆಯನ್ನು ಯಥಾರ್ಥವಾಗಿ ನೆನೆಯುವವನು ಪರರ ತಂದೆಯನ್ನೂ, ವೈರಿಯ ತಂದೆಯನ್ನೂ, ನೆನೆಯಬಲ್ಲವನಾಗುತ್ತಾನೆ.

ನಮ್ಮಲ್ಲಿ ಪಿತೃಗಳಿಗೆ ಸಲ್ಲಿಸುವ ಕರ್ಮಕ್ಕೆ ಶ್ರಾದ್ಧವೆಂದು ಹೆಸರು. ಶ್ರದ್ಧೆಯಿಂದ ಮಾಡತಕ್ಕುದು ಶ್ರಾದ್ಧ. ಆ ಶಬ್ದದ ಮೊದಲಲ್ಲಿರುವ ‘ಶ್ರತ್’ ಎಂಬುದನ್ನು ವೈದಿಕ ನಿಘಂಟು ಸತ್ಯದ ಹೆಸರುಗಳ ಸಾಲಿನಲ್ಲಿ ಎಣಿಸಿದೆ. ಸತ್ಯದಲ್ಲಿ ಮನಸ್ಸನ್ನಿಡುವುದು ಶ್ರದ್ಧೆ. ಆ ಕರ್ಮದಲ್ಲಿ ತಂದೆ, ಅಜ್ಜ, ಮುತ್ತಜ್ಜ ಈ ಮೂವರನ್ನು ಹೆಸರು ಗೋತ್ರಗಳಿಂದ ಕರೆಯುತ್ತಾರೆ. ಅವರ ಬಿರುದುಗಳನ್ನು ಯಾರೂ ಓದುವುದಿಲ್ಲ. ಅವರು ಗೆದ್ದ ಯುದ್ಧಗಳನ್ನು ಯಾರೂ ಕೇಳುವುದಿಲ್ಲ. ನನ್ನ ತಂದೆಯಾಗಿದ್ದವನು ಎಂಬ ಒಂದು ಸಂಬಂಧವೇ ಅನ್ನನೀರುಗಳಿಗೆ ಸಾಕಾದ ಅರ್ಹತೆ.

ಕಠೋಪನಿಷತ್ತಿನ ಬಾಲಕನ ಕಥೆಯನ್ನು ಅರಿಯದವರಾರು? ತಂದೆಯು ಯಜ್ಞದಲ್ಲಿ ಸರ್ವಸ್ವವನ್ನೂ ದಾನಮಾಡುವೆನೆಂದು ಹೇಳಿ, ಕರೆಯಲಾರದ, ಮೇಯಲಾರದ ಮುದಿ ಹಸುಗಳನ್ನು ಕೊಡುತ್ತಿದ್ದನು. ಅದನ್ನು ಕಂಡಾಗ ನಚಿಕೇತನಲ್ಲಿ ಶ್ರದ್ಧೆ ಪ್ರವೇಶಿಸಿತೆಂದು ಉಪನಿಷತ್ತು ಹೇಳುತ್ತದೆ. ಇದು ಗಮನಿಸತಕ್ಕ ಮಾತು. ತಂದೆಯ ಕೊರತೆ ಕಣ್ಣಿಗೆ ಬಿದ್ದ ಗಳಿಗೆಯಲ್ಲಿ ಮಗನಲ್ಲಿ ಹುಟ್ಟಿದುದು ತಿರಸ್ಕಾರವಲ್ಲ, ಶ್ರದ್ಧೆ. ತಂದೆಯ ಹೆಸರಿನಲ್ಲಿ ಸುಳ್ಳು ನಿಲ್ಲಬಾರದೆಂಬ ಕಳವಳವೇ ಆ ಶ್ರದ್ಧೆ. ನನ್ನನ್ನು ಯಾರಿಗೆ ಕೊಡುವೆ ಎಂದು ಅವನು ಕೇಳಿದನು. ಸಿಟ್ಟಿಗೆದ್ದ ತಂದೆ ಮೃತ್ಯುವಿಗೆ ಎಂದನು. ಮೃತ್ಯುವಿನ ಮನೆಯಲ್ಲಿ ವರಗಳು ದೊರೆತಾಗ ನಚಿಕೇತನು ಮೊದಲು ಬೇಡಿದುದೇನು? ತಂದೆಯ ಮನಸ್ಸು ಶಾಂತವಾಗಲಿ, ನಾನು ಹಿಂದಿರುಗಿದಾಗ ಆತನು ನನ್ನನ್ನು ಗುರುತಿಸಿ ಸಂತೋಷಪಡಲಿ ಎಂದು. ಸತ್ಯಕ್ಕಾಗಿ ತಂದೆಯನ್ನು ಪ್ರಶ್ನಿಸಿದವನೇ ಎಲ್ಲಕ್ಕಿಂತ ಮೊದಲು ತಂದೆಯ ನೆಮ್ಮದಿಯನ್ನು ಬೇಡಿದನು. ಸತ್ಯಕ್ಕೂ ಪಿತೃಪ್ರೇಮಕ್ಕೂ ವಿರೋಧವೆಂದು ಹೇಳುವವರಿಗೆ ಇದು ಉತ್ತರ.

ಈ ವಿಚಾರದಿಂದ ನಮ್ಮ ಮನೆಗಳಿಗೆ ಆಗಬೇಕಾದ ಪ್ರಯೋಜನವೂ ಇದೆ. ಇಂದು ಹಿರಿಯರ ನೆನಪಿಗಾಗಿ ಸ್ಮರಣಸಂಚಿಕೆಗಳೂ ಜೀವನಚರಿತ್ರೆಗಳೂ ಹೊರಡುತ್ತಿವೆ. ಇದು ಸಂತೋಷದ ಸಂಗತಿಯೇ. ಬರೆಯುವ ಮಕ್ಕಳು ಕಣ್ಣಾರೆ ಕಂಡದ್ದನ್ನೂ ಕಿವಿಯಾರೆ ಕೇಳಿದ್ದನ್ನೂ ತಾವೇ ಊಹಿಸಿದ್ದನ್ನೂ ಬೇರೆ ಬೇರೆಯಾಗಿ ಇಟ್ಟರೆ ಅರ್ಧ ಕೆಲಸವಾಯಿತು. ತಂದೆಯೊಡನೆ ದುಡಿದವರ ಹೆಸರನ್ನೂ ಬರೆದರೆ ಮುಕ್ಕಾಲು ಕೆಲಸವಾಯಿತು. ಮುಂದೆ ತಪ್ಪು ಕಂಡಾಗ ತಿದ್ದಿಕೊಳ್ಳುವ ಸಿದ್ಧತೆಯಿದ್ದರೆ ಋಣ ಸಲ್ಲುವ ದಾರಿ ಪೂರ್ತಿಯಾಗಿ ತೆರೆದಂತೆ. ತಂದೆಯ ದೋಷಗಳನ್ನು ಬೀದಿಗೆ ತರಬೇಕೆಂದು ಇದರ ಅರ್ಥವಲ್ಲ. ಹೇಳದೆ ಬಿಡುವುದಕ್ಕೆ ಮಗನಿಗೆ ಅಧಿಕಾರವುಂಟು. ಇಲ್ಲದ್ದನ್ನು ಹೇಳು ಎಂಬ ಅಧಿಕಾರವನ್ನು ಯಾವ ಪ್ರೀತಿಯೂ ಕೊಡಲಾರದು.

ತಂದೆಯಾದವರಿಗೂ ಒಂದು ಮಾತು ಉಂಟು. ಜೀವವಿರುವಾಗ ಸ್ವಲ್ಪವನ್ನಾದರೂ ಮಕ್ಕಳಿಗೆ ಹೇಳಿಹೋಗುವುದು ಒಳ್ಳೆಯದು. ಹೇಳದೆ ಹೋದ ಬಾಳನ್ನು ಮಕ್ಕಳು ಖಾಲಿಯಾಗಿ ಬಿಡರು. ತಮ್ಮ ಪ್ರೀತಿಗೆ ತೋರಿದಂತೆ ತುಂಬಿಕೊಳ್ಳುವರು. ಬ್ರ್ಯಾಡ್ಲಿ ಮನಸ್ಸು ಬಿಚ್ಚಿ ಮಾತಾಡಿದ್ದರೆ ಮಗನ ಪುಸ್ತಕ ಬೇರೆಯಾಗಿರುತ್ತಿತ್ತು. ಷುಲ್ಟ್ಸ್ ಬಹುಶಃ ಬದುಕಿರುವಾಗಲೇ ತನ್ನ ಪಾಲಿನ ಗೌರವವನ್ನು ಕಾಣುತ್ತಿದ್ದನು.

ಬ್ರ್ಯಾಡ್ಲಿಯ ಮಗನು ತಂದೆಗೆ ಎರಡು ಸಲ ಋಣ ಸಲ್ಲಿಸಿದನು: ಪುಸ್ತಕ ಬರೆದಾಗ ಒಮ್ಮೆ, ಅದರ ಮುಖ್ಯವಾದ ಮಾತೊಂದು ನಿಜವಲ್ಲವೆಂದು ಒಪ್ಪಿದಾಗ ಮತ್ತೊಮ್ಮೆ. ಮೊದಲನೆಯದಕ್ಕೆ ಲೋಕದ ಮೆಚ್ಚುಗೆ ದೊರೆಯಿತು. ಎರಡನೆಯದಕ್ಕೆ ಅಷ್ಟು ದೊರೆತಂತೆ ಕಾಣಲಿಲ್ಲ. ಆದರೂ ತೂಗಿ ನೋಡಿದರೆ ಎರಡನೆಯದೇ ಹೆಚ್ಚಿನದು. ಸ್ಮರಣೆಯೆಂದರೆ ತಂದೆಯನ್ನು ಎತ್ತರದಲ್ಲಿ ನಿಲ್ಲಿಸುವುದಲ್ಲ. ಆತನು ನಿಂತಿದ್ದ ಸ್ಥಳದಲ್ಲಿಯೇ ಆತನನ್ನು ನಿಲ್ಲಿಸಿ, ಅಲ್ಲಿಯೇ ಆತನಿಗೆ ನಮಸ್ಕರಿಸುವುದು.